ಬೆಂಡು ಮತ್ತು ಜಿಗ್: ಗಾಳವಿದ್ಯೆಯಲ್ಲಿನ ಒಂದು ಸಂಯೋಗದ ಇತಿಹಾಸ

ಗಾಳದ ದಾರಕ್ಕೆ ಬೆಂಡೊಂದನ್ನು ಕಟ್ಟಿ, ಅದರ ಕೆಳಗೆ ಸೀಸದ ತಲೆಯುಳ್ಳ ಕೃತಕ ಎರೆಯಾದ ಜಿಗ್ಗನ್ನು ಇಳಿಬಿಡುವ ಪದ್ಧತಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು ಸರ್ವಸಾಮಾನ್ಯವಾಗಿದೆ. ಬಾಣಲೆಯಲ್ಲಿ ಇಡಿಯಾಗಿ ಹುರಿಯಲೊದಗುವ ಗಾತ್ರದವಾದುದರಿಂದ ಅಲ್ಲಿಯವರು ಪ್ಯಾನ್‌ಫಿಶ್ ಎಂದು ಕರೆಯುವ ಬ್ಲೂಗಿಲ್, ಕ್ರಾಪಿ ಮೊದಲಾದ ಮೀನುಗಳೇ ಇದರ ಲಕ್ಷ್ಯ. ಈ ಸಾಧನದ ಅಂಗಗಳಲ್ಲಿ ಬೆಂಡು ಅತಿ ಪ್ರಾಚೀನವಾದುದಾದರೂ ಜಿಗ್ಗಿನ ಸಂಯೋಗದಿಂದ ಅದಕ್ಕೆ ನೂತನವಾದ ಕಾರ್ಯವೊಂದು ಪ್ರಾಪ್ತವಾಯಿತೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ.

1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕನು ಇಂಗ್ಲೆಂಡಿನಲ್ಲಿ ಅಚ್ಚುಹಾಕಿದ, ಡೇಮ್ ಜೂಲಿಯಾನಾ ಬರ್ನರ್ಸಳ ಹೆಸರಿನಲ್ಲಿ ಪ್ರಚಲಿತವಾಗಿದ್ದರೂ ಕರ್ತೃತ್ವವು ಸಂದಿಗ್ಧವಾಗಿಯೇ ಉಳಿದಿರುವ ಗಾಳವಿದ್ಯೆಯ ಪ್ರಬಂಧದಲ್ಲಿ ಬೆಂಡಿನ ರಚನಾವಿಧಾನವು ಸವಿಸ್ತರವಾಗಿ ದೊರೆಯುತ್ತದೆ. ಹೆಚ್ಚು ತೂತುಗಳಿಲ್ಲದ ಕಾರ್ಕನ್ನಾಯ್ದು, ಕಾಯಿಸಿದ ಸಣ್ಣ ಸಲಾಕೆಯಿಂದ ಕೊರೆದು, ಹಕ್ಕಿಗರಿಯ ದಂಟನ್ನು ಅದರೊಳಗೆ ನೇರವಾಗಿ ತೂರಿಸತಕ್ಕದ್ದು. ಕುದುರೆಬಾಲದ ಒಂದೆಳೆಯ ದಾರಕ್ಕೆ ಬಟಾಣಿಯಷ್ಟು, ಎರಡೆಳೆಗೆ ಅವರೆಯ ಬೀಜದಷ್ಟು, ಹನ್ನೆರಡೆಳೆಗೆ ಅಕ್ರೋಟಿನಷ್ಟು ಬೆಂಡು ಉಚಿತ. ಸೀಸದ ಗುಂಡುಗಳ ಭಾರವಾದರೋ, ಮೀನು ಲೇಶಮಾತ್ರ ಸೆಳೆದರೂ ಬೆಂಡು ಮುಳುಗುವಂತಿರಬೇಕು. ಎರೆಯನ್ನು ಇಂತಿಷ್ಟು ಆಳದಲ್ಲಿ ತೂಗಿಡುವುದರ ಜೊತೆಗೆ, ಮೀನು ಕಚ್ಚಿದುದನ್ನು ದಡದಲ್ಲಿದ್ದವನಿಗೆ ತಿಳಿಸುವುದೇ ಅಂದಿನ ಬೆಂಡಿನ ಮುಖ್ಯ ಪ್ರಯೋಜನವಾಗಿತ್ತೆಂಬುದು ಈ ವಿಧಿಗಳಿಂದ ವಿದಿತವಾಗುತ್ತದೆ.

ಅಮೆರಿಕದಲ್ಲಿ ಪರಿಸ್ಥಿತಿಯು ಬೇರೆಯಾಗಿತ್ತು. ಪ್ರಕೃತಿವಿಜ್ಞಾನಿ ರಾಫಿನೆಸ್ಕನು 1818ರಲ್ಲಿ ಬಿಳಿಯ ಕ್ರಾಪಿಯನ್ನೂ 1819ರಲ್ಲಿ ಬ್ಲೂಗಿಲ್ಲನ್ನೂ ಶಾಸ್ತ್ರೀಯವಾಗಿ ವರ್ಣಿಸಿದನು. 1933ರಲ್ಲಿ ಸ್ಥಾಪಿತವಾದ ಟೆನೆಸಿ ಕಣಿವೆ ಪ್ರಾಧಿಕಾರವು 1936ರಲ್ಲಿ ನಾರಿಸ್, 1944ರಲ್ಲಿ ಕೆಂಟಕಿ ಅಣೆಕಟ್ಟುಗಳನ್ನು ಪೂರ್ಣಗೊಳಿಸಿದ ಮೇಲೆ, ಈ ಮೀನುಗಳಿಗೆ ವಿಶಾಲವಾದ ಜಲಾಶಯಗಳು ಆಶ್ರಯವಾದುವು. ಮುಳುಗಿದ ಮರಗಳ ನಡುವೆ, ತಳವನ್ನೂ ಮುಟ್ಟದೆ ಮೇಲಕ್ಕೂ ಬಾರದೆ, ನಡುನೀರಿನಲ್ಲಿ ಗುಂಪುಗೂಡಿ ನಿಲ್ಲುವುದು ಕ್ರಾಪಿಯ ಸ್ವಭಾವ. ಅಲ್ಲಿಗೆ ಇಳಿಬಿಟ್ಟ ಬರಿಯ ಜಿಗ್ಗು ನಿಲ್ಲದೆ ತಳಕ್ಕಿಳಿದು ಕೊಂಬೆಗಳಲ್ಲಿ ಸಿಕ್ಕಿಕೊಳ್ಳುವುದು. ಬೆಂಡು ಕಟ್ಟಿದರೆ ಬೇಕಾದ ಆಳದಲ್ಲಿಯೇ ತೂಗಾಡುವುದು. 1938ರಲ್ಲಿ ಡ್ಯೂಪಾಂಟ್ ಸಂಸ್ಥೆಯು ಪ್ರಕಟಪಡಿಸಿದ ನೈಲಾನಿನಿಂದ ಸಣ್ಣದಾದ ಪಾರದರ್ಶಕ ದಾರಗಳೂ, 1949ರಿಂದ ಓಕ್ಲಹೋಮಾದ ಟಲ್ಸಾದಲ್ಲಿ ತಯಾರಾದ ಜೆಬ್‌ಕೋ ರೀಲಿನಂಥ, ಬಳಸಲು ಸುಲಭವಾದ ರೀಲುಗಳೂ ದೊರೆತುದರಿಂದ, ಹಗುರವಾದ ಈ ಸಾಧನವನ್ನು ದೂರಕ್ಕೆಸೆಯುವುದು ಅನನುಭವಿಗಳಿಗೂ ಸಾಧ್ಯವಾಯಿತು.

ಇಂತಹ ಜಿಗ್ಗಿನ ತೂಕ ಸಾಮಾನ್ಯವಾಗಿ ಔನ್ಸಿನ 1/32 ಅಥವಾ 1/16 ಭಾಗ, ಎಂದರೆ ಸುಮಾರು 0.9 ಅಥವಾ 1.8 ಗ್ರಾಂ. ಕೊಕ್ಕೆಯ ಕಣ್ಣು ಕಡ್ಡಿಗೆ ಲಂಬವಾಗಿ ಸೀಸದ ತಲೆಯಿಂದ ಮೇಲಕ್ಕೆ ಹೊರಡುವುದರಿಂದ, ಗಂಟನ್ನು ಸರಿಯಾಗಿ ಕೂರಿಸಿದರೆ ಜಿಗ್ಗು ಅಡ್ಡಲಾಗಿ ತೂಗಿ, ಕೊಕ್ಕೆಯ ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ಹಿಂದೆ ಬಾಲವಾಗಿ ಕಟ್ಟಿದ ಮೃದುವಾದ ತುಪ್ಪಳು ನೀರಿನ ಅತ್ಯಲ್ಪ ಸಂಚಲನಕ್ಕೂ ಮಿಡಿಯುತ್ತದೆ. ಗಾಳಿಗೆ ಎದ್ದ ಅಲೆ ಬೆಂಡನ್ನು ಎತ್ತಿ ಇಳಿಸಿದಂತೆಲ್ಲ ಜಿಗ್ಗೂ ಎದ್ದಿಳಿದು ಜೀವಂತ ಕೀಟದಂತೆ ತೋರುತ್ತದೆ. ಮೀನಿನ ಚಲನೆಯನ್ನು ಮನುಷ್ಯನಿಗೆ ಮುಟ್ಟಿಸುತ್ತಿದ್ದ ಬೆಂಡು, ನೀರಿನ ಚಲನೆಯನ್ನು ಎರೆಗೆ ಮುಟ್ಟಿಸುವ ಕಾರ್ಯವನ್ನೂ ವಹಿಸಿಕೊಂಡುದು ಹೀಗೆ.

ಬೆಂಡಿನ ಸಂಕೇತವೂ ಇದರಿಂದ ವ್ಯತ್ಯಸ್ತವಾಯಿತು. ಕೆಳಗಿನಿಂದ ಮೇಲೆದ್ದು ಎರೆಯನ್ನು ನುಂಗುವ ಕ್ರಾಪಿ ಸೀಸದ ಭಾರವನ್ನು ತಾನೇ ಹೊತ್ತುಬಿಡುವುದರಿಂದ, ನೆಟ್ಟಗೆ ನಿಂತಿದ್ದ ನೀಳವಾದ ಬೆಂಡು ಮುಳುಗುವುದರ ಬದಲು ನೀರಿನ ಮೇಲೆ ಅಡ್ಡಲಾಗಿ ಮಲಗುತ್ತದೆ. ಅದು ಮುಳುಗಲೆಂದು ಕಾಯುತ್ತ ಕುಳಿತವನು ಕೋಲನ್ನೆತ್ತುವಷ್ಟರಲ್ಲಿ ಮೀನು ರುಚಿಯಿಲ್ಲದ ಜಿಗ್ಗನ್ನು ಉಗುಳಿರುತ್ತದೆ.