ಕ್ಯಾಲೆಂಡರ್ ಅನ್ನೋ ಹಬೆ ಇಂಜಿನಿಯರ್

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ಗೆಳೆಯನೊಬ್ಬ, "ಈ ಭೂಮಿ ಬಿಸಿಯಾಗೋ ಕತೆಯೆಲ್ಲ ಇತ್ತೀಚೆಗೆ ಶುರುವಾಗಿದ್ದು ಮಾರಾಯ. ದೊಡ್ಡ ಕಂಪ್ಯೂಟರ್ ಇಟ್ಕೊಂಡು ಏನು ಬೇಕಾದ್ರೂ ತೋರಿಸ್ಬಹುದು" ಅಂದ. ನನಗೆ ತಕ್ಷಣ ಕ್ಯಾಲೆಂಡರ್ ನೆನಪಾದ. ಗೋಡೆಗೆ ನೇತುಹಾಕೋ ಕ್ಯಾಲೆಂಡರ್ ಅಲ್ಲ... ಗೈ ಸ್ಟೀವರ್ಟ್ ಕ್ಯಾಲೆಂಡರ್ ಅನ್ನೋ ಮನುಷ್ಯ! ಭೂಮಿ ಬಿಸಿಯಾಗ್ತಿದೆ, ಅದರಲ್ಲಿ ನಮ್ಮ ಕೈವಾಡ ಇದೆ ಅಂತ 1938ರಲ್ಲೇ ಕೈಲೆಕ್ಕ ಹಾಕಿ ತೋರಿಸಿದವನು.

ಈತ ಹುಟ್ಟಿದ್ದು 1898ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಪ್ಪ ಹ್ಯೂ ಕ್ಯಾಲೆಂಡರ್ ಹೆಸರಾಂತ ಭೌತವಿಜ್ಞಾನಿ. ಅಪ್ಪನ ಹಾಗೇ ಮಗನದೂ ಹಬೆಯ ಕೆಲಸ. ಬಿಸಿ, ಒತ್ತಡ ಏರಿದಂತೆ ಹಬೆ ಹೇಗೆ ವರ್ತಿಸುತ್ತೆ ಅಂತ ಅಳೆಯೋದು. ಅಂದ್ರೆ ಕಲ್ಲಿದ್ದಲು ಉರಿಸಿ ಓಡೋ ಯಂತ್ರಗಳಿಗೆ ಬೇಕಾದ ಲೆಕ್ಕ. ಹವಾಮಾನ ಈತನಿಗೆ ಹೊಟ್ಟೆಪಾಡಲ್ಲ, ಬಿಡುವಿನ ಹುಚ್ಚು.

ಇಂಗಾಲದ ಡೈಆಕ್ಸೈಡ್ ಶಾಖ ಹೀರುತ್ತೆ ಅಂತ ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗದಿಂದ ತೋರಿಸಿದ್ದ. ಅದು ಹೆಚ್ಚಾದರೆ ಭೂಮಿ ಎಷ್ಟು ಬಿಸಿಯಾದೀತು ಅಂತ ಸ್ವೀಡನ್ನಿನ ಅರ್ಹೀನಿಯಸ್ 1896ರಲ್ಲಿ ಲೆಕ್ಕ ಹಾಕಿದ್ದ. ಆದರೆ ನಾವು ಬಿಟ್ಟಿದ್ದನ್ನೆಲ್ಲ ಸಮುದ್ರ ನುಂಗಿಕೊಳ್ಳುತ್ತೆ ಅಂತ ಬಹಳ ಜನ ನಿಶ್ಚಿಂತೆಯಿಂದ ಇದ್ದರು. ಕ್ಯಾಲೆಂಡರ್ ಕೇಳಿಕೊಂಡ ಪ್ರಶ್ನೆಯೇ ಬೇರೆ: ಇದು ಈಗಾಗಲೇ ಆಗ್ತಿದೆಯಾ?

ಜಗತ್ತಿನ ಸುಮಾರು 200 ಹವಾಮಾನ ಕೇಂದ್ರಗಳ ದಾಖಲೆಗಳನ್ನು ಕಲೆಹಾಕಿ ಕೂಡಿಸಿ ಕಳೆದ. ಊರು ಬೆಳೆದದ್ದರಿಂದ ಥರ್ಮಾಮೀಟರ್ ಮೋಸ ಮಾಡ್ತಿದೆಯಾ ಅಂತಲೂ ಪರೀಕ್ಷಿಸಿದ. ಉತ್ತರ ಹೀಗೆ ಬಂತು: ಹಿಂದಿನ 50 ವರ್ಷಗಳಲ್ಲಿ ಮನುಷ್ಯ ಇಂಧನ ಉರಿಸಿ ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡ್ ಸುಮಾರು 15,000 ಕೋಟಿ ಟನ್. ಭೂಮಿಯ ಉಷ್ಣಾಂಶ ವರ್ಷಕ್ಕೆ 0.005 ಡಿಗ್ರಿಯಂತೆ ಏರಿದೆ, ಅದರಲ್ಲಿ 0.003ರಷ್ಟು ಈ ಅನಿಲದ ಪಾಲು.

ಲಂಡನ್ನಿನ ರಾಯಲ್ ಮೆಟಿಯರಾಲಾಜಿಕಲ್ ಸೊಸೈಟಿಯಲ್ಲಿ ಇದನ್ನು ಮಂಡಿಸಿದಾಗ ಪಂಡಿತರು ತಲೆ ಆಡಿಸಲಿಲ್ಲ. ಹಿಂದೆ ನಮ್ಮ ಶಿಮ್ಲಾದ ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡಿದ್ದ ಜಾರ್ಜ್ ಸಿಂಪ್ಸನ್, ಹೊರಗಿನಿಂದ ಬಂದವರಿಗೆ ವಾತಾವರಣದ ಕಷ್ಟ ತಿಳಿಯೋದಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ. ಸುಮ್ಮನೆ ಕೊಂಕು ಅಲ್ಲ ಅದು. ಗಾಳಿಯ ಓಡಾಟ, ಮೋಡ ಇವ್ಯಾವುದೂ ಕ್ಯಾಲೆಂಡರನ ಲೆಕ್ಕದಲ್ಲಿ ಸರಿಯಾಗಿ ಇರಲಿಲ್ಲ. ಈತ ಮಾತ್ರ ಜಗಳಕ್ಕೆ ನಿಲ್ಲದೆ 1960ರ ದಶಕದವರೆಗೂ ಅಂಕಿ ಕಲೆಹಾಕುತ್ತಲೇ ಇದ್ದ.

ತಮಾಷೆ ಅಂದ್ರೆ, ಬಿಸಿಯಾಗೋದು ಒಳ್ಳೇದೇ ಅಂತ ಈತ ನಂಬಿದ್ದ! ಉತ್ತರದ ಚಳಿದೇಶಗಳಲ್ಲಿ ಬೆಳೆ ಚೆನ್ನಾಗಿ ಬರುತ್ತೆ, ಹಿಮಯುಗ ಮುಂದಕ್ಕೆ ಹೋಗುತ್ತೆ ಅಂತ. ಎರಡನೇ ಮಹಾಯುದ್ಧದಲ್ಲಂತೂ ರನ್‌ವೇ ಪಕ್ಕದಲ್ಲಿ ಪೆಟ್ರೋಲ್ ಉರಿಸಿ ಮಂಜು ಕರಗಿಸೋ ಯೋಜನೆಗೇ ದುಡಿದ.

ಆಮೇಲೆ ಒಂದೊಂದೇ ಪುರಾವೆ ಬಂತು. ಕಲ್ಲಿದ್ದಲು ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಕಾರ್ಬನ್-14 ಉಳಿದಿರೋದಿಲ್ಲ. ಗಾಳಿಯ ಕಾರ್ಬನ್-14 ತೆಳುವಾಗ್ತಾ ಬಂದಿದೆ, ಅಂದ್ರೆ ಹಳೇ ಇಂಗಾಲ ಬಂದು ಸೇರಿದೆ ಅಂತ ಹಾನ್ಸ್ ಸ್ಯೂಸ್ 1955ರಲ್ಲಿ ತೋರಿಸಿದ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯೋಕೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಇತ್ತು. 2024ರ ಸರಾಸರಿ 420 ದಾಟಿದೆ. ಕ್ಯಾಲೆಂಡರ್ 1964ರಲ್ಲೇ ತೀರಿಕೊಂಡ. 2013ರಲ್ಲಿ ವಿಜ್ಞಾನಿಗಳು ಆತನ ಉಷ್ಣಾಂಶದ ಗೆರೆಯನ್ನು ಇಂದಿನ ಗೆರೆಯ ಜೊತೆ ಇಟ್ಟು ನೋಡಿದರೆ ಎರಡೂ ಬಹುಪಾಲು ಹೊಂದಿಕೊಂಡವು.

ಆತ ಎಡವಿದ್ದು ನಮ್ಮ ವೇಗದ ವಿಷಯದಲ್ಲಿ. ಈಗ ನಾವು ಇಂಧನ ಉರಿಸಿ ಬಿಡೋದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಆತ ಲೆಕ್ಕ ಹಾಕಿದ 50 ವರ್ಷಗಳ ಹೊಗೆಯನ್ನು ನಾವು ನಾಲ್ಕೇ ವರ್ಷದಲ್ಲಿ ಬಿಟ್ಟು ಮುಗಿಸ್ತೀವಿ.

ಇದನ್ನೆಲ್ಲ ಹೇಳಿದ ಮೇಲೆ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಹಿಂದೆಯೇ ಗೊತ್ತಿದ್ರೆ ಮತ್ಯಾಕೆ ಯಾರೂ ಏನೂ ಮಾಡ್ಲಿಲ್ಲ?" ಅಂದ. ಒಳ್ಳೇದಾಗುತ್ತೆ ಅಂದುಕೊಂಡಿದ್ದ ಅನ್ನೋ ನೆಪ ಕ್ಯಾಲೆಂಡರನಿಗಾದರೂ ಇತ್ತು. ನಮಗೆ? ಉತ್ತರ ಹೊಳೆಯಲಿಲ್ಲ, ಡಬ್ಬಿ ತೊಳೆಯೋಕೆ ಎದ್ದೆ. ನಿಮಗೆ ಹೊಳೆದರೆ ಹೇಳಿ.