ಎಕ್ಸ್‌ರೇಗೆ ಕಾಣದ ಮಂಡಿನೋವು

2000ದ ಅಕ್ಟೋಬರ್‌ನಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡಮಂಡಿಗೆ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 2001ರ ಜೂನ್‌ನಲ್ಲಿ ಬಲಮಂಡಿಯ ಸರದಿ. ಎರಡು ಬಾರಿಯೂ ಶಸ್ತ್ರಚಿಕಿತ್ಸೆ ಮಾಡಿದವರು ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್. ಮಧ್ಯಪ್ರದೇಶ ಮೂಲದ, ಇಂದೋರಿನಲ್ಲಿ ವೈದ್ಯ ಶಿಕ್ಷಣ ಪಡೆದ ಈ ತಜ್ಞರು, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೃತಕ ಮಂಡಿಯ ಮೂಲ ವಿನ್ಯಾಸ ರೂಪಿಸಿದವರಲ್ಲಿ ಒಬ್ಬರು. ಆ ದಿನಗಳಲ್ಲಿ ‘ಮಂಡಿ ಬದಲಾವಣೆ’ ಎಂಬ ಮಾತು ಪತ್ರಿಕೆಗಳ ಮುಖಪುಟದಿಂದ ಮನೆಯ ಜಗಲಿಗೆ ಬಂತು. ಸವೆದ ಕೀಲನ್ನು ತೆಗೆದು ಹೊಸದನ್ನು ಹಾಕಿದರೆ ನೋವೂ ಹೋಯಿತು ಎಂಬ ನಂಬಿಕೆ ಅದರೊಡನೆಯೇ ಬಂತು.

ಬಹುಪಾಲು ಜನರ ಮಟ್ಟಿಗೆ ಅದು ನಿಜವೂ ಹೌದು. ವರ್ಷಗಟ್ಟಲೆ ಮೆಟ್ಟಿಲು ಹತ್ತಲಾರದೆ ಇದ್ದವರು ಶಸ್ತ್ರಚಿಕಿತ್ಸೆಯ ಬಳಿಕ ಸಂತೆಗೆ, ಗುಡಿಗೆ ನಡೆದು ಹೋಗಿದ್ದಾರೆ. ಆದರೆ ಇನ್ನು ಕೆಲವರ ಕಥೆ ಬೇರೆ. ಗಾಯ ಮಾಗಿದೆ, ಎಕ್ಸ್‌ರೇಯಲ್ಲಿ ಲೋಹದ ಕೀಲು ನೆಟ್ಟಗೆ ಕುಳಿತಿದೆ, ವೈದ್ಯರು ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ರಾತ್ರಿ ಮಾತ್ರ ಮಂಡಿ ಸಿಡಿಯುತ್ತದೆ. ಇಂತಹವರು ‘ನನ್ನ ಮನಸ್ಸೇ ಸರಿಯಿಲ್ಲವೇನೋ’ ಎಂದು ತಮ್ಮನ್ನೇ ಅನುಮಾನಿಸತೊಡಗುತ್ತಾರೆ. ಆ ಅನುಮಾನ ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯಲು ಕೃತಕ ಮಂಡಿಯ ಇತಿಹಾಸವನ್ನೂ ನೋವಿನ ಇತಿಹಾಸವನ್ನೂ ಜೊತೆಗಿಟ್ಟು ನೋಡಬೇಕು.

ದಂತದಿಂದ ಲೋಹದವರೆಗೆ

ಕೃತಕ ಮಂಡಿಯ ಮೊದಲ ಪ್ರಯೋಗ ನಡೆದದ್ದು 1890ರಲ್ಲಿ, ಬರ್ಲಿನ್ನಿನಲ್ಲಿ. ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯರು ಆನೆಯ ದಂತದಲ್ಲಿ ಬಾಗಿಲ ತಿರುಗಣಿಯಂತಹ ಕೀಲನ್ನು ಕೆತ್ತಿಸಿ ರೋಗಿಯ ಮಂಡಿಗೆ ಅಳವಡಿಸಿದರು. ಅವರ ರೋಗಿಗಳು ಕೀಲಿನ ಕ್ಷಯದಿಂದ ನರಳುತ್ತಿದ್ದವರು. ಆರಂಭದಲ್ಲಿ ಫಲ ಆಶಾದಾಯಕವಾಗಿ ಕಂಡಿತು. ಆದರೆ ಸೋಂಕು ಮರುಕಳಿಸಿ ಕೀಲುಗಳು ಸೋತವು. ಹಿರಿಯರ ವಿರೋಧವೂ ಸೇರಿ ಗ್ಲುಕ್ ಅವರ ಕೆಲಸ ಬಹುಕಾಲ ಮೂಲೆಗುಂಪಾಯಿತು.

1950ರ ದಶಕದಲ್ಲಿ ಸ್ವೀಡನ್ನಿನ ವಾಲ್ಡಿಯಸ್, ಇಂಗ್ಲೆಂಡಿನ ಶಿಯರ್ಸ್ ಮೊದಲಾದವರು ಮತ್ತೆ ತಿರುಗಣಿ ಮಾದರಿಯ ಕೀಲುಗಳನ್ನು ಹಾಕಿದರು. ಆದರೆ ಮಂಡಿ ಬಾಗಿಲ ತಿರುಗಣಿಯಲ್ಲ. ಬಾಗುವಾಗ ತೊಡೆಮೂಳೆಯ ತುದಿ ಕೆಳಗಿನ ಮೂಳೆಯ ಮೇಲೆ ಉರುಳುತ್ತದೆ, ಜಾರುತ್ತದೆ, ಕೊಂಚ ತಿರುಗುತ್ತದೆ. ಒಂದೇ ಅಚ್ಚಿನಲ್ಲಿ ತಿರುಗುವ ಕೀಲಿನ ಮೇಲೆ ಈ ಎಲ್ಲ ಒತ್ತಡ ಬಿದ್ದು ಅದು ಬೇಗ ಸಡಿಲವಾಗುತ್ತಿತ್ತು.

ಇದೇ ಹೊತ್ತಿಗೆ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಸೊಂಟದ ಕೀಲಿನ ಮೇಲೆ ಕೆಲಸ ಮಾಡುತ್ತಿದ್ದರು. ಮೊದಲು ಅವರು ಬಳಸಿದ ಟೆಫ್ಲಾನ್ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲು, ಲೋಹದ ಗುಂಡು ಮತ್ತು ಮೂಳೆಗೆ ಹಿಡಿಸುವ ಅಕ್ರಿಲಿಕ್ ಸಿಮೆಂಟು ಸೇರಿದ ಅವರ ವಿನ್ಯಾಸ ಯಶಸ್ವಿಯಾಯಿತು. ಅಲ್ಲಿಗೆ ಕೆನಡಾದಿಂದ ಬಂದಿದ್ದ ಫ್ರಾಂಕ್ ಗನ್‌ಸ್ಟನ್ 1968ರಲ್ಲಿ ಅದೇ ಸಾಮಗ್ರಿಗಳನ್ನು ಮಂಡಿಗೆ ಒಗ್ಗಿಸಿದರು. ತಿರುಗಣಿಯನ್ನು ಕೈಬಿಟ್ಟು, ಸವೆದ ಮೇಲ್ಮೈಗಳಿಗೆ ಮಾತ್ರ ಹೊಸ ಹೊದಿಕೆ ಹಾಕುವುದು ಅವರ ದಾರಿ. 1974ರಲ್ಲಿ ನ್ಯೂಯಾರ್ಕಿನ ‘ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ’ಯಲ್ಲಿ ಜಾನ್ ಇನ್ಸಾಲ್, ರಾಣಾವತ್ ಮತ್ತು ಎಂಜಿನಿಯರ್ ಪೀಟರ್ ವಾಕರ್ ‘ಟೋಟಲ್ ಕಾಂಡೈಲರ್’ ಮಂಡಿಯನ್ನು ಬಳಕೆಗೆ ತಂದರು. ತೊಡೆಮೂಳೆಯ ತುದಿಗೆ ಲೋಹದ ಕವಚ, ಕೆಳಗಿನ ಮೂಳೆಗೆ ಪಾಲಿಥೀನ್ ತಟ್ಟೆ, ಮಂಡಿಚಿಪ್ಪಿನ ಹಿಂಬದಿಗೂ ಪಾಲಿಥೀನ್ ಬಿಲ್ಲೆ. ಇಂದಿನ ಬಹುತೇಕ ಕೃತಕ ಮಂಡಿಗಳು ಇದರ ವಂಶದವೇ.

ಇದರ ಹಿಂದಿದ್ದ ತರ್ಕ ಸರಳ. ಮೂಳೆತುದಿಯ ಮೃದ್ವಸ್ಥಿಗೆ ನರಗಳಿಲ್ಲ. ಅದು ಸವೆದಾಗ ಕೆಳಗಿನ ಮೂಳೆ ಮತ್ತು ಸುತ್ತಲಿನ ಕೀಲುಪೊರೆ ನೋಯುತ್ತವೆ. ಉಜ್ಜುವ ಮೇಲ್ಮೈಯನ್ನು ತೆಗೆದರೆ ನೋವಿನ ಮೂಲವನ್ನೇ ತೆಗೆದಂತೆ. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ: ಕೀಲು ಎಷ್ಟು ವರ್ಷ ಬಾಳುತ್ತದೆ?

ಲೆಕ್ಕಕ್ಕೆ ಬಾರದವರು

ಆ ಪ್ರಶ್ನೆಗೆ ಉತ್ತರ ಹುಡುಕಲು ಸ್ವೀಡನ್ 1975ರಲ್ಲಿ ದೇಶವ್ಯಾಪಿ ಮಂಡಿ ನೋಂದಣಿ ಆರಂಭಿಸಿತು. ಯಾವ ಕೀಲು ಯಾರಿಗೆ ಹಾಕಲಾಯಿತು, ಅದನ್ನು ಮತ್ತೆ ಯಾವಾಗ ಬದಲಿಸಬೇಕಾಯಿತು ಎಂಬುದರ ದಾಖಲೆ ಅದು. ಕಳಪೆ ವಿನ್ಯಾಸಗಳನ್ನು ಗುರುತಿಸಿ ಕೈಬಿಡಲು ಈ ನೋಂದಣಿ ಬಹಳ ನೆರವಾಯಿತು. ಆದರೆ ಇದರಲ್ಲೊಂದು ಕೊರತೆಯಿತ್ತು. ಮರುಶಸ್ತ್ರಚಿಕಿತ್ಸೆ ಆಗದ ಪ್ರತಿ ಮಂಡಿಯೂ ಇಲ್ಲಿ ‘ಉಳಿದ’ ಮಂಡಿ. ನೋವು ನುಂಗಿಕೊಂಡು ಮನೆಯಲ್ಲಿ ಕುಳಿತವರೂ ಯಶಸ್ಸಿನ ಕಲಂನಲ್ಲೇ ಸೇರುತ್ತಿದ್ದರು.

ಅಂಕ ಹಾಕುವ ಪದ್ಧತಿಗಳೂ ಹೀಗೆಯೇ ಇದ್ದವು. 1989ರಲ್ಲಿ ಅಮೆರಿಕದ ತಜ್ಞರು ರೂಪಿಸಿದ ಪ್ರಸಿದ್ಧ ಅಂಕಪಟ್ಟಿಯಲ್ಲಿ ನೋವಿಗೂ ಸ್ಥಾನವಿತ್ತು. ಆದರೆ ಅಂಕ ತುಂಬುವವರು ವೈದ್ಯರು. ತನಗೆ ಶಸ್ತ್ರಚಿಕಿತ್ಸೆ ಮಾಡಿದವರೇ ಎದುರಿಗೆ ಕುಳಿತು ‘ಹೇಗಿದ್ದೀರಿ?’ ಎಂದರೆ ‘ಪರವಾಗಿಲ್ಲ ಡಾಕ್ಟ್ರೇ’ ಎನ್ನದ ರೋಗಿಗಳು ಎಷ್ಟು ಮಂದಿ? 1998ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು 12 ಪ್ರಶ್ನೆಗಳ ಒಂದು ಹಾಳೆ ಸಿದ್ಧಪಡಿಸಿದರು. ಅದನ್ನು ತುಂಬುವವರು ರೋಗಿಯೇ: ರಾತ್ರಿ ನೋವಿದೆಯೆ, ಮೆಟ್ಟಿಲಿಳಿಯಲು ಆಗುತ್ತದೆಯೆ, ಕುರ್ಚಿಯಿಂದ ಏಳುವಾಗ ಎಷ್ಟು ನೋವು? 2009ರಿಂದ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಇಂತಹ ಹಾಳೆಗಳನ್ನು ವ್ಯಾಪಕವಾಗಿ ಬಳಕೆಗೆ ತಂದಿತು.

ಕೇಳಿದ ಮೇಲೆ ಉತ್ತರವೂ ಬಂತು. ಸ್ವೀಡನ್ನಿನಲ್ಲಿ 1981ರಿಂದ 1995ರವರೆಗೆ ಚಿಕಿತ್ಸೆಯಾದ 27,372 ಮಂಡಿಗಳ ಬಗ್ಗೆ ಅಂಚೆಯ ಮೂಲಕ ವಿಚಾರಿಸಿದಾಗ, ಶೇ 17ರಷ್ಟು ಪ್ರಕರಣಗಳಲ್ಲಿ ರೋಗಿಗಳು ಅತೃಪ್ತರು ಇಲ್ಲವೇ ಏನೂ ಹೇಳಲಾರದವರು ಎಂದು 2000ದಲ್ಲಿ ಪ್ರಕಟವಾದ ವರದಿ ತಿಳಿಸಿತು. 2011ರಲ್ಲಿ ಬ್ರಿಸ್ಟಲ್‌ನ ಸಂಶೋಧಕರು ಶಸ್ತ್ರಚಿಕಿತ್ಸೆಯಾಗಿ ಮೂರು-ನಾಲ್ಕು ವರ್ಷ ಕಳೆದವರನ್ನು ಕೇಳಿದಾಗ, ಶೇ 44 ಮಂದಿ ಯಾವುದೋ ಮಟ್ಟದ ನೋವು ಉಳಿದಿದೆ ಎಂದರು. ಅವರಲ್ಲಿ ಹೆಚ್ಚಿನವರದು ಸಹಿಸಬಹುದಾದ ನೋವು. ತೀವ್ರ ನೋವು ಇದ್ದವರು ಒಟ್ಟು ರೋಗಿಗಳಲ್ಲಿ ಶೇ 15. ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಈ ಪ್ರಮಾಣ ಶೇ 6 ಮಾತ್ರ. ಮಂಡಿಯ ನೋವು ಒಬ್ಬಿಬ್ಬರ ಗೊಣಗಾಟವಲ್ಲ ಎಂಬುದು ಅಂಕಿಗಳಲ್ಲೇ ಕಂಡಿತು.

ಇಲ್ಲದ ಕಾಲಿನ ನೋವು

ನೋಯುವ ಭಾಗವನ್ನೇ ತೆಗೆದುಹಾಕಿದ ಮೇಲೂ ನೋವು ಉಳಿಯುವುದು ಹೇಗೆ? ಈ ಪ್ರಶ್ನೆ ಮಂಡಿಗಿಂತ ಬಹಳ ಹಳೆಯದು. 16ನೇ ಶತಮಾನದಲ್ಲಿ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರೋಸ್ ಪಾರೆ, ಕಾಲು ಕತ್ತರಿಸಿಹಾಕಿದ ಸೈನಿಕರು ಅದೇ ಕಾಲು ನೋಯುತ್ತಿದೆ ಎನ್ನುವುದನ್ನು ದಾಖಲಿಸಿದ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಇದನ್ನೇ ಕಂಡ ಸೈಲಾಸ್ ವೀಯರ್ ಮಿಚೆಲ್, 1870ರ ದಶಕದ ಆರಂಭದಲ್ಲಿ ಅದಕ್ಕೆ ‘ಭೂತಾಂಗ’ ಎಂಬರ್ಥದ ಹೆಸರು ಕೊಟ್ಟರು.

ಆದರೆ ವೈದ್ಯಲೋಕದ ಮೇಲೆ ಹೆಚ್ಚು ಹಿಡಿತವಿದ್ದದ್ದು ಇನ್ನೊಂದು ಚಿತ್ರಕ್ಕೆ. 1664ರಲ್ಲಿ, ತತ್ತ್ವಜ್ಞಾನಿ ಡೆಕಾರ್ಟೆಯ ಮರಣಾನಂತರ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ಗ್ರಂಥದಲ್ಲಿ, ಬೆಂಕಿಗೆ ಪಾದ ತಾಗಿದವನೊಬ್ಬನ ಉದಾಹರಣೆಯಿದೆ. ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸುವಂತೆ, ಪಾದದ ಉರಿ ನರದ ಮೂಲಕ ಮಿದುಳನ್ನು ಮುಟ್ಟುತ್ತದೆ ಎಂಬುದು ಅವನ ವಿವರಣೆ. ಇದರ ಪ್ರಕಾರ ಹಗ್ಗ ಎಳೆಯುವವರಿಲ್ಲದಿದ್ದರೆ ಗಂಟೆಯೂ ಇಲ್ಲ. ‘ಎಕ್ಸ್‌ರೇ ಸರಿಯಿದೆ, ನೋವು ಏಕೆ?’ ಎಂಬ ಇಂದಿನ ಪ್ರಶ್ನೆ ಈ ಗಂಟೆಯ ಚಿತ್ರದ ಮರಿಮಗುವೇ.

1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ಚಿತ್ರವನ್ನು ಬದಲಿಸಿದರು. ಬೆನ್ನುಹುರಿಯಲ್ಲಿ ಒಂದು ಬಗೆಯ ದ್ವಾರವಿದೆ. ನೋವಿನ ಸಂದೇಶವನ್ನು ಅದು ಹಿಗ್ಗಿಸಬಹುದು, ತಗ್ಗಿಸಬಹುದು. ಮಿದುಳಿನಿಂದಲೂ ಅದಕ್ಕೆ ಆಜ್ಞೆ ಬರುತ್ತದೆ ಎಂದರು. ಪೆಟ್ಟು ಬಿದ್ದ ಜಾಗವನ್ನು ಅಜ್ಜಿ ನೀವಿದಾಗ ನೋವು ಇಳಿಯುವುದಕ್ಕೆ ಅಲ್ಲೊಂದು ವಿವರಣೆ ಸಿಕ್ಕಿತು. 1983ರಲ್ಲಿ ಕ್ಲಿಫರ್ಡ್ ವೂಲ್ಫ್, ಗಾಯದ ಸಂದೇಶಗಳು ಬೆನ್ನುಹುರಿಯ ನರಕೋಶಗಳನ್ನೇ ಅತಿಸೂಕ್ಷ್ಮಗೊಳಿಸಬಲ್ಲವು ಎಂದು ಪ್ರಾಣಿಪ್ರಯೋಗದಲ್ಲಿ ತೋರಿಸಿದರು. ಹತ್ತು ವರ್ಷ ಎಡೆಬಿಡದೆ ನೋಯುವ ಮಂಡಿ ನರವ್ಯೂಹವನ್ನು ಹೀಗೆ ಹದಗೆಡಿಸಿದ್ದರೆ, ಕೀಲು ಬದಲಿಸಿದ ಮಾತ್ರಕ್ಕೆ ನರಗಳ ಅಭ್ಯಾಸ ಬದಲಾಗಬೇಕೆಂದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ತೀವ್ರ ನೋವು, ದೇಹದ ಇತರೆಡೆಯಲ್ಲೂ ನೋವು, ಆತಂಕ, ಖಿನ್ನತೆ ಇದ್ದವರಲ್ಲಿ ನೋವು ಉಳಿಯುವ ಸಂಭವ ಹೆಚ್ಚು ಎಂದು ಅಧ್ಯಯನಗಳು ಹೇಳುವುದಕ್ಕೂ ಇದಕ್ಕೂ ನಂಟಿದೆ. ಅದರರ್ಥ ನೋವು ಕಲ್ಪಿತ ಎಂದಲ್ಲ.

ನೋವನ್ನೇ ಒಂದು ವೈದ್ಯ ವಿಷಯವಾಗಿಸಿದವರು ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೊನಿಕಾ. ಓದಿನ ಖರ್ಚಿಗಾಗಿ ಕುಸ್ತಿ ಆಡಿ, ಆ ಪೆಟ್ಟುಗಳ ನೋವನ್ನು ಜೀವನವಿಡೀ ಅನುಭವಿಸಿದವರು ಅವರು. 1953ರಲ್ಲಿ ನೋವಿನ ನಿರ್ವಹಣೆಯ ಬಗ್ಗೆ ಬೃಹತ್ ಗ್ರಂಥ ಬರೆದರು. 1973ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ಹುಟ್ಟಲು ಕಾರಣರಾದರು. 1998ರಲ್ಲಿ ಬ್ರಿಟನ್ನಿನ ನೋವು ಚಿಕಿತ್ಸಾಲಯಗಳ ರೋಗಿಗಳ ಪರಿಶೀಲನೆ, ಅವರಲ್ಲಿ ಹಲವರ ನೋವಿನ ಮೂಲ ಹಿಂದಿನ ಒಂದು ಶಸ್ತ್ರಚಿಕಿತ್ಸೆ ಎಂಬುದನ್ನು ಎತ್ತಿ ತೋರಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿ 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ಮೂರು ತಿಂಗಳು ಮೀರಿ ಉಳಿಯುವ ನೋವಿಗೆ ಪ್ರತ್ಯೇಕ ಹೆಸರು, ಪ್ರತ್ಯೇಕ ಸಂಕೇತ ದೊರೆಯಿತು. ನೋವು ಎಂದು ವ್ಯಕ್ತಿ ಹೇಳಿದ್ದನ್ನು ಗೌರವಿಸಬೇಕು ಎಂಬ ಮಾತನ್ನು ನೋವು ಅಧ್ಯಯನ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯ ಟಿಪ್ಪಣಿಗೆ ಸೇರಿಸಿತು.

ಮುಂದೇನು?

ಮಂಡಿ ಬದಲಿಸಿದ ಮೇಲೆ ಮೊದಲ ಕೆಲವು ತಿಂಗಳು ಊತ, ಬಿಸಿ, ಬಿಗಿತ, ನೋವು ಸಹಜ. ಒಂದು ವರ್ಷದವರೆಗೂ ನಿಧಾನವಾಗಿ ಸುಧಾರಣೆ ಆಗುತ್ತಿರುತ್ತದೆ. ಕೊಯ್ತದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತಿರುವುದಕ್ಕೆ ಕಾರಣ, ಅಲ್ಲಿ ಹಾದುಹೋಗುವ ಸಣ್ಣ ನರವೊಂದು ಕೊಯ್ತದಲ್ಲಿ ತುಂಡಾಗುವುದು. ಮಂಡಿಯೂರಿ ಕೂರಲು ಹಲವರಿಗೆ ತೊಡಕಾಗುವುದಕ್ಕೆ ಅದೂ ಒಂದು ಕಾರಣ.

ಮೂರು ತಿಂಗಳು ಕಳೆದರೂ ನೋವು ಇಳಿಯದಿದ್ದರೆ ಕಾರಣ ಹುಡುಕುವುದು ಮೊದಲ ಕೆಲಸ. ಸೋಂಕು, ಕೀಲಿನ ಸಡಿಲಿಕೆ, ಅಳತೆ ಅಥವಾ ಕೋನದ ವ್ಯತ್ಯಾಸ, ಮಂಡಿಚಿಪ್ಪಿನ ತೊಂದರೆ ಇವೆಯೇ ಎಂದು ಪರೀಕ್ಷಿಸಬೇಕು. ಕೆಲವೊಮ್ಮೆ ಸೊಂಟದ ಕೀಲು ಅಥವಾ ಬೆನ್ನುಮೂಳೆಯ ತೊಂದರೆ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ. ಜ್ವರ, ಕೆಂಪು, ಗಾಯದಿಂದ ಸ್ರಾವ ಅಥವಾ ಹಠಾತ್ತನೆ ಹೆಚ್ಚಿದ ನೋವು ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಆದರೆ ಯಾವ ಕಾರಣವೂ ಸಿಗದಿದ್ದಾಗ, ‘ಇನ್ನೊಮ್ಮೆ ತೆರೆದು ನೋಡೋಣ’ ಎಂಬ ಆತುರ ಒಳ್ಳೆಯದಲ್ಲ. ಕಾರಣ ತಿಳಿಯದೆ ಮಾಡಿದ ಮರುಶಸ್ತ್ರಚಿಕಿತ್ಸೆಯ ಫಲ ಸಾಮಾನ್ಯವಾಗಿ ನಿರಾಶಾದಾಯಕ ಎಂಬುದು ಮೂಳೆ ತಜ್ಞರೇ ಕಲಿತ ಪಾಠ.

ಹಾಗಾದರೆ ಉಳಿದ ದಾರಿ? ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ 363 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಮೂರು ತಿಂಗಳ ಬಳಿಕವೂ ನೋವಿದ್ದವರನ್ನು ತರಬೇತಾದ ಸಿಬ್ಬಂದಿ ಒಂದು ಗಂಟೆ ಕೂರಿಸಿ ಮಾತನಾಡಿಸಿ ಪರೀಕ್ಷಿಸಿದರು. ನೋವಿನ ಬಗೆಗೆ ತಕ್ಕಂತೆ ಫಿಸಿಯೊಥೆರಪಿ, ಶಸ್ತ್ರತಜ್ಞರು, ನೋವು ಚಿಕಿತ್ಸಾಲಯ ಅಥವಾ ಮಾನಸಿಕ ಆರೈಕೆಯತ್ತ ಕಳುಹಿಸಿದರು. ಬಳಿಕ ಆಗಾಗ ದೂರವಾಣಿಯಲ್ಲಿ ವಿಚಾರಿಸಿದರು. ಎಂದಿನ ಆರೈಕೆ ಪಡೆದವರಿಗಿಂತ ಇವರ ನೋವು ವರ್ಷದ ಕೊನೆಗೆ ಕಡಿಮೆಯಿತ್ತು. ಅಂತರ ದೊಡ್ಡದಲ್ಲ. ಆದರೂ ಕೇಳಿಸಿಕೊಳ್ಳುವುದು ಕೂಡ ಚಿಕಿತ್ಸೆಯ ಭಾಗ ಎಂಬುದಕ್ಕೆ ಅದೊಂದು ಪುರಾವೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಒಳ್ಳೆಯ ದಿನ ಮಿತಿಮೀರಿ ನಡೆದು ಮರುದಿನ ಹಾಸಿಗೆ ಹಿಡಿಯುವ ಬದಲು, ಪ್ರತಿದಿನ ಅಳತೆಯಾಗಿ ನಡೆದು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು ಲೇಸು. ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಹೊತ್ತಿಗೆ ಸರಿಯಾದ ನಿದ್ರೆ, ಊತವಿದ್ದಾಗ ಐಸ್ ಪ್ಯಾಕ್ ಇವು ಸಣ್ಣ ಸಂಗತಿಗಳಾದರೂ ಒಟ್ಟಾಗಿ ನೆರವಿಗೆ ಬರುತ್ತವೆ. ಉರಿ, ಚುಚ್ಚು, ಮಿಂಚು ಹೊಡೆದಂತಹ ನೋವು ನರಸಂಬಂಧಿಯಾಗಿರಬಹುದು. ಅದಕ್ಕೆ ಔಷಧಿಯೇ ಬೇರೆ. ಆದ್ದರಿಂದ ವೈದ್ಯರಿಗೆ ‘ನೋವು’ ಎಂದಷ್ಟೇ ಹೇಳದೆ ಅದು ಎಂತಹ ನೋವು, ಯಾವ ಹೊತ್ತಿನದು ಎಂದು ಬಿಡಿಸಿ ಹೇಳಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ ರೂಢಿಯಿರುವ ನಮ್ಮಲ್ಲಿ, ಕೃತಕ ಮಂಡಿ ಎಷ್ಟು ಬಾಗೀತು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ ತಿಳಿಯುವುದು ಅಗತ್ಯ. ಪಂಕ್ತಿಯಲ್ಲಿ ಕುರ್ಚಿ ಹಾಕಿಸಿಕೊಳ್ಳುವುದು ಅವಮಾನವಲ್ಲ.

ಗ್ಲುಕ್ ಅವರ ದಂತದ ಕೀಲಿನಿಂದ ಇಂದಿನ ಮಿಶ್ರಲೋಹದ ಕೀಲಿನವರೆಗೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ‘ಈಗ ಹೇಗಿದೆ?’ ಎಂದು ರೋಗಿಯನ್ನೇ ಕೇಳಿ ಅವರ ಉತ್ತರವನ್ನು ಬರೆದಿಟ್ಟುಕೊಳ್ಳುವ ರೂಢಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯಿತು. ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದರೂ ಮಂಡಿ ಹಿಡಿದು ಕುಳಿತ ಹಿರಿಯರಿಗೆ ‘ಎಲ್ಲ ಸರಿಯಾಗಿದೆಯಲ್ಲ, ಮತ್ತೇನು?’ ಎನ್ನುವ ಮೊದಲು ಮನೆಯವರು ಕೂಡ ಆ ಪ್ರಶ್ನೆಯನ್ನೇ ಕೇಳಿ, ಉತ್ತರ ಮುಗಿಯುವವರೆಗೆ ಕಾಯಬಹುದು.