ನಾಲ್ಕು ಸೈಕಲ್, ಒಂದು ಜಾಗ

ಹೊಸ ಫ್ಲ್ಯಾಟಿಗೆ ಒಂದು ಕಾರು ನಿಲ್ಲಿಸುವಷ್ಟು ಪಾರ್ಕಿಂಗ್ ಕೊಟ್ಟಿದ್ದಾರೆ. ಕಾರಿನ ಮೂತಿಗೂ ಗೋಡೆಗೂ ನಡುವೆ ಒಂದು ಸೈಕಲ್ ಹಿಡಿಸುತ್ತದೆ. ನನ್ನ ಹತ್ತಿರ ಇರುವುದು ನಾಲ್ಕು. ಪುಣೆಗೆ ಬಂದ ಮೇಲೆ ಒಂದೊಂದಾಗಿ ಸೇರಿಕೊಂಡವು, ಹಳೇ ಮನೆಯ ಹಿತ್ತಲಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ಈಗ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು: “ನಾಲ್ಕರಾಗ ಒಂದ ಇಟ್ಕೋರಿ. ಯಾವುದರೆ ಇಟ್ಕೋರಿ, ಆದ್ರ ಒಂದ.”

ನಾಲ್ಕೂ ಕರೀ ಬಣ್ಣದ, ರಾಡ್ ಬ್ರೇಕಿನ, 28 ಇಂಚು ಚಕ್ರದ ಗಂಡಸರ ಸೈಕಲ್‌ಗಳು. ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ರಾಲೇ, ಕ್ಯಾಂಪ್ ಪ್ರದೇಶದ ಒಂದು ಪಾರ್ಸಿ ಮನೆಯಿಂದ ಕೊಂಡದ್ದು. ಇನ್ನೊಂದು ಬಂಗಾಳದ ಆಸನ್‌ಸೋಲ್‌ನ ಸೆನ್-ರಾಲೇ, ಜೂನಾ ಬಾಜಾರಿನಲ್ಲಿ ಸಿಕ್ಕಿದ್ದು. ಮೂರನೆಯದು ಮುಂಬಯಿಯ ವರ್ಲಿಯಲ್ಲಿ ತಯಾರಾದ ಹಿಂದ್. ನಮ್ಮ ದೊಡ್ಡಪ್ಪನದು, ರೋಣ ತಾಲೂಕಿನಿಂದ ಲಾರಿ ಹತ್ತಿ ಬಂತು. ಕೊನೆಯದು ಹರಿಯಾಣದ ಸೋನಿಪತ್‌ನ ಅಟ್ಲಾಸ್, ಡಬಲ್ ಬಾರಿನದು. ನಮಗೆ ಹಾಲು ಹಾಕುತ್ತಿದ್ದ ಗವಳಿ ಮೋಟರ್ ಸೈಕಲ್ ಕೊಂಡಾಗ ಇದನ್ನು ನನಗೆ ಮಾರಿದ.

ಹಳೇ ಸೈಕಲ್ ಸಂಗ್ರಹಿಸುವ ಗೆಳೆಯರೊಬ್ಬರಿದ್ದಾರೆ. ಅವರಿಗೆ ಈ ಪ್ರಶ್ನೆಯಲ್ಲಿ ಪ್ರಶ್ನೆಯೇ ಇಲ್ಲ. ಮೊದಲು ರಾಲೇ, ಆಮೇಲೆ ಸೆನ್-ರಾಲೇ, ಆಮೇಲೆ ಹಿಂದ್, ಅಟ್ಲಾಸ್ ಗುಜರಿಗೆ. ಅವರ ಅಳತೆಗೋಲು “ಒರಿಜಿನಲ್” ಎಂಬ ಒಂದೇ ಶಬ್ದ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು. ಬೇರೆಯ ಭಾಗ ಸೇರಿದಷ್ಟೂ ಬೆಲೆ ಇಳಿಯುತ್ತದೆ. ಈ ಅಳತೆಗೋಲನ್ನು ಹಿಡಿದು ನಾಲ್ಕರ ಚರಿತ್ರೆಯನ್ನೂ ಓದುತ್ತಾ ಹೋದೆ. ಓದಿದಷ್ಟೂ ಅದು ನಮ್ಮ ದೇಶದ ಸೈಕಲ್ಲಿಗೆ ಹೊಂದುವುದಿಲ್ಲ ಅನ್ನಿಸಿತು.

ರಾಲೇಯಿಂದಲೇ ಶುರು ಮಾಡೋಣ. ನಾಟಿಂಗ್‌ಹ್ಯಾಮ್‌ನ ರಾಲೇ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಸಣ್ಣ ಕಾರ್ಖಾನೆಯಿತ್ತು. 1880ರ ದಶಕದ ಕೊನೆಯಲ್ಲಿ ಫ್ರಾಂಕ್ ಬೌಡೆನ್ ಎಂಬಾತ ಅದನ್ನು ಕೊಂಡು ಬೆಳೆಸಿದ. ಬೀದಿಯ ಹೆಸರೇ ಸೈಕಲ್ಲಿನ ಹೆಸರಾಯಿತು. ಪೆಡಲಿನ ಪಕ್ಕದ ಹಲ್ಲುಚಕ್ರದಲ್ಲಿ ಕೊಕ್ಕರೆಯ ಚಿತ್ರ ಕೊರೆದಿರುವುದು ಇದರ ಗುರುತು. ನನ್ನದರ ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇದೆ. ಹಬ್ಬಿನ ಮೇಲೆ ತಯಾರಾದ ವರ್ಷ, ತಿಂಗಳನ್ನು ಒತ್ತುವುದು ಆ ಕಂಪನಿಯ ಪದ್ಧತಿ, ನನ್ನದರಲ್ಲಿ 51 ಮತ್ತು 8 ಎಂದಿದೆ. 1951ರ ಆಗಸ್ಟ್. ಸಾಫ್ಟ್‌ವೇರಿನವನಿಗೆ ಇದಕ್ಕಿಂತ ಸುಖ ಏನಿದೆ, ವರ್ಷನ್ ನಂಬರ್ ಕಬ್ಬಿಣದ ಮೇಲೇ ಬರೆದಿದ್ದಾರೆ!

ಆದರೆ ಈ ರಾಲೇಗೆ ಒಂದು ಗರ್ವ ಇದೆ. ಪೆಡಲಿನ ದಂಡ ತಿರುಗುವ ಜಾಗದ ಬಿಬಿ ಕಪ್ ಇದೆಯಲ್ಲ, ಬೇರೆ ಇಂಗ್ಲಿಷ್ ಸೈಕಲ್‌ಗಳಲ್ಲಿ ಅದರ ಮರೆಗೆ ಇಂಚಿಗೆ 24 ಸುತ್ತು. ರಾಲೇ ಮಾತ್ರ ತನ್ನ ಕಾರ್ಖಾನೆಗೇ ಬೇರೆ ಲೆಕ್ಕ ಇಟ್ಟುಕೊಂಡು 26 ಸುತ್ತು ಕೊರೆಯುತ್ತಿತ್ತು. ಎರಡೇ ಸುತ್ತಿನ ವ್ಯತ್ಯಾಸ. ಕಪ್ ಸವೆದರೆ ಬಜಾರಿನ ಯಾವ ಕಪ್ಪೂ ಅದಕ್ಕೆ ಕೂರುವುದಿಲ್ಲ. ನಾನು ಇದನ್ನು ವರ್ಷಕ್ಕೆ ಎರಡು ಸಲ ಓಡಿಸಿದರೆ ಹೆಚ್ಚು. ಓಡಿಸುವಾಗಲೂ ಕಿವಿಯೆಲ್ಲ ಬಿಬಿಯ ಸದ್ದಿನ ಕಡೆಗೇ.

ಇನ್ನೊಂದು ಮಾತು. ನಮ್ಮ ಹಿರಿಯರು ರಾಲೇ ಮೇಲೋ ಬಿಎಸ್‌ಎ ಮೇಲೋ, ಹರ್ಕ್ಯುಲಿಸ್ ಗಟ್ಟಿಯೋ ಹಂಬರ್ ಗಟ್ಟಿಯೋ ಎಂದು ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದರಲ್ಲ, ಅಲ್ಲಿ ಇಂಗ್ಲೆಂಡಿನಲ್ಲಿ ಆ ಹೆಸರುಗಳೆಲ್ಲ ಒಂದೇ ಜೇಬಿಗೆ ಸೇರುತ್ತಿದ್ದವು. ಹಂಬರ್ 1932ರಲ್ಲಿ, ರಡ್ಜ್ 1943ರಲ್ಲಿ, ಬಿಎಸ್‌ಎ ಸೈಕಲ್ ವಿಭಾಗ 1957ರಲ್ಲಿ ರಾಲೇ ಪಾಲಾದವು. ಹರ್ಕ್ಯುಲಿಸ್ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಎಂಬ ಕಂಪನಿಯ ಕೈಯಲ್ಲಿತ್ತು. 1960ರಲ್ಲಿ ಅದೇ ಕಂಪನಿ ರಾಲೇಯನ್ನೂ ನುಂಗಿತು. ಅಂದರೆ ತಲೆಯ ಮೇಲಿನ ಬಿಲ್ಲೆ ಸೈಕಲ್ಲಿನ ಕುಲಗೋತ್ರ ಹೇಳುತ್ತದೆ ಎಂಬ ನಂಬಿಕೆ ಅದರ ತವರಿನಲ್ಲೇ ಸುಳ್ಳಾಗಿತ್ತು.

ಸ್ವಾತಂತ್ರ್ಯ ಬಂದಮೇಲೆ ಸೈಕಲ್ ಇಲ್ಲೇ ಆಗಬೇಕು ಎಂಬುದು ಸರ್ಕಾರದ ನೀತಿ. ಆಮದಿಗೆ ಸುಂಕ, ಲೈಸೆನ್ಸು, ಕೋಟಾ. ಇಂಗ್ಲೆಂಡಿನವರಿಗೆ ಮಾರುಕಟ್ಟೆ ಬೇಕಿದ್ದರೆ ಇಲ್ಲಿನವರ ಜೊತೆ ಕೈಜೋಡಿಸಲೇಬೇಕಾಯಿತು. 1949ರಲ್ಲಿ ಮದ್ರಾಸಿನ ಮುರುಗಪ್ಪ ಕುಟುಂಬ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಆರಂಭಿಸಿತು. ನಮ್ಮ ಊರುಗಳ ಹರ್ಕ್ಯುಲಿಸ್, ಫಿಲಿಪ್ಸ್ ಅಂಬತ್ತೂರಿನಿಂದ ಬರತೊಡಗಿದ್ದು ಹಾಗೆ. ಕಲ್ಕತ್ತೆಯಲ್ಲಿ ಸೆನ್ ಅಂಡ್ ಪಂಡಿತ್ ಎಂಬ ಹೆಸರಲ್ಲಿ ಸೈಕಲ್ ಆಮದು ವ್ಯಾಪಾರ ಮಾಡುತ್ತಿದ್ದ ಸುಧೀರ್ ಕುಮಾರ್ ಸೆನ್ ರಾಲೇ ಜೊತೆ ಕೂಡಿ ಆಸನ್‌ಸೋಲ್ ಬಳಿಯ ಕನ್ಯಾಪುರದಲ್ಲಿ ಕಾರ್ಖಾನೆ ಕಟ್ಟಿದರು. 1950ರ ದಶಕದ ಆರಂಭದಿಂದ ಅಲ್ಲಿ ಸೈಕಲ್ ಹೊರಬಂತು. ನನ್ನ ಸೆನ್-ರಾಲೇ ನೋಡಲು ನಾಟಿಂಗ್‌ಹ್ಯಾಮ್‌ನದರ ತದ್ರೂಪ, ಕೊಕ್ಕರೆ ಕೂಡ ಹಾಗೇ. ನಾಲ್ಕರಲ್ಲಿ ಚೆಂದದ್ದು ಇದೇ ಎಂದು ಮಗಳ ತೀರ್ಪು. ನನಗೂ ಅದರ ಬಗ್ಗೆ ತಕರಾರಿಲ್ಲ, ವಿಶೇಷ ಮೋಹವೂ ಇಲ್ಲ.

ಹಿಂದ್ ಕತೆ ಬೇರೆ. ಅದು ಯಾವ ಇಂಗ್ಲಿಷ್ ಹೆಸರನ್ನೂ ಹೊರದೆ ಮುಂಬಯಿಯಲ್ಲಿ ಹುಟ್ಟಿದ ಸೈಕಲ್. ಹೆಸರಲ್ಲೇ ಸ್ವದೇಶಿ ಗಾಳಿ ಇದೆ. ವರ್ಲಿಯ ಕಡೆ ಓಡಾಡುವ ಮುಂಬಯಿ ಕನ್ನಡಿಗರು ಹಿಂದ್ ಸೈಕಲ್ ರೋಡ್ ಎಂಬ ಬೋರ್ಡು ನೋಡಿರುತ್ತೀರಿ. ರಸ್ತೆಗೆ ಆ ಹೆಸರು ಆ ಕಾರ್ಖಾನೆಯಿಂದಲೇ ಬಂದದ್ದು. ಕಾರ್ಖಾನೆ ಹೋಯಿತು, ಬೋರ್ಡು ಉಳಿಯಿತು.

ಸೆನ್-ರಾಲೇಗೂ ಹಿಂದ್‌ಗೂ ಸಂಬಂಧವೇ ಇಲ್ಲ ಅಂದುಕೊಂಡಿದ್ದವನಿಗೆ ಒಂದು ಕಾಯಿದೆಯ ಹೆಸರು ಓದಿ ನಗು ಬಂತು. ಹಿಂದ್ ಸೈಕಲ್ಸ್ ಲಿಮಿಟೆಡ್ ಅಂಡ್ ಸೆನ್-ರಾಲೇ ಲಿಮಿಟೆಡ್ (ನ್ಯಾಷನಲೈಸೇಷನ್) ಆಕ್ಟ್, 1980. ಮುಂಬಯಿಯದನ್ನೂ ಬಂಗಾಳದ್ದನ್ನೂ ಒಂದೇ ಕಾಗದದಲ್ಲಿ ಕಟ್ಟಿ ಸರ್ಕಾರ ಮನೆಗೆ ತಂದಿತ್ತು. ಮೊದಲನೆಯದು ನ್ಯಾಷನಲ್ ಬೈಸಿಕಲ್ ಕಾರ್ಪೊರೇಷನ್ ಆಯಿತು, ಎರಡನೆಯದು ಸೈಕಲ್ ಕಾರ್ಪೊರೇಷನ್. ಸರ್ಕಾರ ಕೈಹಿಡಿದರೂ ಎರಡೂ ಉಳಿಯಲಿಲ್ಲ.

ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಉತ್ತರ ಲುಧಿಯಾನದಲ್ಲಿದೆ. ಅಲ್ಲಿ ಯಾರೂ ಮೊದಲು ಇಡೀ ಸೈಕಲ್ ಮಾಡಲು ಹೊರಡಲಿಲ್ಲ. ಒಬ್ಬ ಪೆಡಲ್ ಮಾಡಿದ, ಒಬ್ಬ ಮಡ್‌ಗಾರ್ಡ್, ಒಬ್ಬ ಬೆಲ್ಲು, ಇನ್ನೊಬ್ಬ ಬರೀ ಕಾಟರ್ ಪಿನ್. ಗಲ್ಲಿಗಲ್ಲಿಯಲ್ಲಿ ಲೇತು, ಕುಲುಮೆ. ಮುಂಜಾಲ್ ಸಹೋದರರು ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾದಿಂದ ಬಂದವರು, ಶುರುಮಾಡಿದ್ದು ಸೈಕಲ್ ಬಿಡಿಭಾಗಗಳ ವ್ಯಾಪಾರ. ಕರೀಮ್ ದೀನ್ ಎಂಬ ಸೀಟು ತಯಾರಕ ದೇಶವಿಭಜನೆಯ ಕಾಲಕ್ಕೆ ಪಾಕಿಸ್ತಾನಕ್ಕೆ ಹೊರಟಾಗ ತನ್ನ ಸೀಟಿನ ಬ್ರಾಂಡ್ ಹೆಸರನ್ನು ಇವರಿಗೆ ಬಿಟ್ಟುಕೊಟ್ಟ ಎಂದು ಮುಂಜಾಲ್ ಕುಟುಂಬ ಹೇಳುತ್ತ ಬಂದಿದೆ. ಆ ಹೆಸರು ಹೀರೋ. 1956ರಲ್ಲಿ ಅವರು ಇಡೀ ಸೈಕಲ್ ಜೋಡಿಸತೊಡಗಿದರು. ಮೊದಲ ವರ್ಷ ಆದದ್ದು 639. ಮೂವತ್ತು ವರ್ಷಕ್ಕೆ, 1986ರಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿ ಎಂದು ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ಎಲ್ಲವನ್ನೂ ಒಂದೇ ಸೂರಿನಡಿ ಮಾಡಹೊರಟ ದೊಡ್ಡ ಕಾರ್ಖಾನೆಗಳು ಗಲ್ಲಿಗಳಲ್ಲಿ ಹಂಚಿಹೋಗಿದ್ದ ಈ ಕಾರ್ಖಾನೆಯ ಬೆಲೆಗೆ ಸರಿಗಟ್ಟಲಾರದೆ ಸೋತವು. ನನ್ನ ಓದಿನಲ್ಲಿ ಮುಖ್ಯ ಕಾರಣ ಇದೇ. ಕಾರ್ಮಿಕರ ಜಗಳ, ಸರ್ಕಾರಿ ನಿಧಾನ ಎಂದು ದೂರುವುದು ಸುಲಭ, ಆದರೆ ಅವು ಎರಡನೇ ಸಾಲಿನವು.

ಅಟ್ಲಾಸ್ ಇವೆರಡರ ನಡುವಿನದು. ಜಾನಕಿದಾಸ್ ಕಪೂರ್ 1951ರಲ್ಲಿ ಸೋನಿಪತ್‌ನಲ್ಲಿ ಆರಂಭಿಸಿದ್ದು. ಬಹುಕಾಲ ಗೆದ್ದಿತು. ಕೊನೆಗೆ ಅದರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ.

ಇಲ್ಲಿ ನಮ್ಮಂಥ ಊರಿನವರಿಗೆಲ್ಲ ಗೊತ್ತಿರುವ, ಆದರೆ ಸಂಗ್ರಾಹಕರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ ಸೈಕಲ್ ಕಾರ್ಖಾನೆಯಿಂದ ಸೈಕಲ್ಲಾಗಿ ಬರುತ್ತಿರಲಿಲ್ಲ. ಬಿಡಿಬಿಡಿಯಾಗಿ ಅಂಗಡಿಗೆ ಬರುತ್ತಿತ್ತು. ಫ್ರೇಮು ಒಂದು ಕಂಪನಿಯದು, ಟೈರು ಟ್ಯೂಬು ಇನ್ನೊಬ್ಬರದು. ಸೀಟು, ಕ್ಯಾರಿಯರ್, ಸ್ಟ್ಯಾಂಡು, ಬೀಗ, ಡೈನಮೋ ಗಿರಾಕಿಯ ಕಿಸೆ ನೋಡಿ ಆರಿಸಿದ್ದು. ಅಂಗಡಿಯ ಹುಡುಗ ನೆಲದ ಮೇಲೆ ಗೋಣಿತಟ್ಟು ಹಾಸಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ ಎಣಿಸಿ ಹೆಣೆಯುತ್ತಿದ್ದ. ಈ 32-40ರ ಲೆಕ್ಕವೂ ಇಂಗ್ಲೆಂಡಿನಿಂದಲೇ ಬಂದದ್ದು, ನನ್ನ ನಾಲ್ಕಕ್ಕೂ ಇದೇ ಲೆಕ್ಕ. ಹಾಗಾಗಿ ಒಂದರ ರಿಮ್ಮು ಇನ್ನೊಂದಕ್ಕೆ ಬರುತ್ತದೆ. ಮೊದಲ ದಿನವೇ ಕಲಬೆರಕೆಯಾಗಿ ಹುಟ್ಟಿದ್ದಕ್ಕೆ “ಒರಿಜಿನಲ್” ಎಂಬ ಸ್ಥಿತಿ ಯಾವುದು?

ದೊಡ್ಡಪ್ಪನ ಹಿಂದ್‌ನಲ್ಲಿ ಈಗ ಹಿಂದ್ ಉಳಿದಿರುವುದು ಫ್ರೇಮು ಮತ್ತು ಹ್ಯಾಂಡಲ್ ಕೆಳಗಿನ ಬಿಲ್ಲೆ, ಅಷ್ಟೆ. ಎಪ್ಪತ್ತರ ದಶಕದಲ್ಲಿ ಚಕ್ಕಡಿಗೆ ಗುದ್ದಿದಾಗ ಮುಂದಿನ ಫೋರ್ಕ್ ಹೋಯಿತು, ಬಂದದ್ದು ಲುಧಿಯಾನದ್ದು. ರಿಮ್ಮು ಎರಡು ಸಲ ಬದಲಾಗಿದೆ. ಹಿಂದಿನ ಕ್ಯಾರಿಯರ್ ಊರ ಕಮ್ಮಾರ ಬಡಿದು ಮಾಡಿದ್ದು. ಶಾಲೆಯ ಪುಸ್ತಕದ ಗಂಟು ಜಾರದಿರಲಿ ಎಂದು ಬದಿಗೆ ಎರಡು ಕೊಂಡಿ ಇಟ್ಟಿದ್ದಾನೆ, ಯಾವ ಕಂಪನಿಯೂ ಹಾಗೆ ಇಡುವುದಿಲ್ಲ. ಸೀಟಿನ ಕೆಳಗೆ ತಂತಿಗೆ ಪೋಣಿಸಿದ ಐದು ಲೋಹದ ಬಿಲ್ಲೆಗಳಿವೆ, ಪುರಸಭೆಗೆ ವರ್ಷವರ್ಷ ಸೈಕಲ್ ತೆರಿಗೆ ಕಟ್ಟಿದ್ದಕ್ಕೆ ಕೊಟ್ಟವು. ದೊಡ್ಡಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಪಕ್ಕದೂರಿನ ಶಾಲೆಗೆ ಮೂವತ್ತು ವರ್ಷ ಇದರ ಮೇಲೇ ಹೋಗಿ ಬಂದರು.

ಅವರು ಇದನ್ನು ಕೊಂಡಿರಲಿಲ್ಲ. 1963ರಲ್ಲಿ ಮದುವೆಯಾದಾಗ ದೊಡ್ಡವ್ವನ ತವರಿನವರು ಕೊಟ್ಟದ್ದು. ಆ ಕಾಲದ ಅಳಿಯಂದಿರ ಪಟ್ಟಿ ನಿಮಗೂ ಗೊತ್ತು: ವಾಚು, ಸೈಕಲ್, ಜೋರಿದ್ದರೆ ರೇಡಿಯೋ. ವರದಕ್ಷಿಣೆ ನಿಷೇಧ ಕಾಯಿದೆ ಬಂದು ಆಗ ಎರಡು ವರ್ಷವಾಗಿತ್ತು. ಸೈಕಲ್ ಉದ್ಯಮದ ಚರಿತ್ರೆಯಲ್ಲಿ ಸುಂಕ, ಲೈಸೆನ್ಸು, ಕಾರ್ಖಾನೆಗಳ ಬಗ್ಗೆ ಓದುತ್ತೇವೆ. ಹಳ್ಳಿಯ ಕಡೆ ಎಷ್ಟೋ ಸೈಕಲ್ಲುಗಳ ದುಡ್ಡು ಹೆಣ್ಣಿನ ಅಪ್ಪನ ಸಾಲದಿಂದ ಬಂತು ಎಂಬುದು ಅಲ್ಲಿ ಬರುವುದಿಲ್ಲ.

ದೊಡ್ಡವ್ವನಿಗೆ ಈಗ ಎಂಬತ್ತು ದಾಟಿದೆ. ಫೋನಿನಲ್ಲಿ ಕೇಳಿದೆ. “ದೊಡ್ಡವ್ವಾ, ಆಗ ಏನು ರೊಕ್ಕ ಆಗಿತ್ತು ಇದಕ್ಕ?”

“ರೊಕ್ಕದ ಲೆಕ್ಕ ಯಾರಿಗೆ ನೆನಪೈತಪ್ಪಾ. ನಿಮ್ಮ ದೊಡ್ಡಪ್ಪನ ಎರಡು ತಿಂಗಳ ಪಗಾರಕ್ಕಿಂತ ಹೆಚ್ಚಿತ್ತು. ನಮ್ಮಪ್ಪ ಸಾಲಾ ಮಾಡಿ ಕೊಡಿಸಿದ್ದ. ಎರಡು ಪೀಕು ಬಂದ ಮ್ಯಾಲೆ ತೀರಿತು.”

“ನೀನು ಒಮ್ಮೆರೆ ಹತ್ತಿದ್ದೇನು?”

“ಹಿಂದ ಕುಂತೇನಿ, ದವಾಖಾನಿಗೆ ಹೋಗೂ ಮುಂದ. ಹೊಡಿಯಾಕ ಯಾರು ಕೊಡ್ತಾರ?”

ಸಂಗ್ರಾಹಕ ಗೆಳೆಯರಿಗೆ ಹಿಂದ್ ಮೇಲೆ ಆಮೇಲೆ ಆಸೆ ಹುಟ್ಟಿತು. ಲುಧಿಯಾನದ ಫೋರ್ಕು, ಕಮ್ಮಾರನ ಕ್ಯಾರಿಯರ್ ಎಲ್ಲ ಕಿತ್ತುಹಾಕಿ, ಬೇರೆ ಹಾಳು ಹಿಂದ್‌ಗಳಿಂದ ಭಾಗ ಹುಡುಕಿ ಕೂಡಿಸಿ, ಕಪ್ಪು ಬಣ್ಣ ಹೊಡೆಸಿ, ಬಂಗಾರದ ಗೆರೆ ಎಳೆಸಿದರೆ ಪ್ರದರ್ಶನದಲ್ಲಿ ಇಡಬಹುದು ಎಂದರು. ಅವರ ಕೈಚಳಕದ ಮೇಲೆ ನನಗೆ ಗೌರವವಿದೆ. ಅಂಥವರು ಇಲ್ಲದಿದ್ದರೆ ಕರ್ವೆನಗರದಲ್ಲಿ ಒಂದು ಸೈಕಲ್ ಮ್ಯೂಸಿಯಂ ಇರುತ್ತಿರಲಿಲ್ಲ, ನೂರಾರು ಸೈಕಲ್ಲುಗಳು ಕರಗಿ ಕಬ್ಬಿಣವಾಗಿರುತ್ತಿದ್ದವು. ಆದರೆ ಹಾಗೆ ಮಾಡಿದರೆ ಸಿಗುವುದು ಬೇರೆ ಐದಾರು ಮನೆಗಳ ಚೂರು ಸೇರಿಸಿದ 1963ರ ಒಂದು ಬೊಂಬೆ. ಕಳೆದುಹೋಗುವುದು 1963ರಿಂದ ಇಲ್ಲಿಯವರೆಗಿನ ಅಷ್ಟೂ ವರ್ಷ. ವರ್ಲಿಯ ಕಾರ್ಖಾನೆ ಸೋತು ಲುಧಿಯಾನದ ಗಲ್ಲಿಗಳು ಗೆದ್ದ ಕತೆ ಈ ಒಂದೇ ಸೈಕಲ್ಲಿನಲ್ಲಿ ನಟ್ಟು ನಟ್ಟಾಗಿ ಬರೆದಿದೆ. ಆಫೀಸಿನಲ್ಲಿ ಹಳೇ ಸಿಸ್ಟಂ ಎತ್ತಿ ಹಾಕುವಾಗಲೂ ನಾವು ಕೋಡ್ ಬದಲಾದ ದಾಖಲೆಯನ್ನು ಅಳಿಸುವುದಿಲ್ಲ. ದೊಡ್ಡವ್ವನಿಗೆ ಈ ವಿಷಯ ಹೇಳಿದಾಗ, “ಹಳೇ ಸಾಮಾನು ಹುಡುಕಿ ಹಾಕಿದ್ರ ಅದು ಅಂಗಡ್ಯಾಗಿಂದು ಆಗತೈತಿ, ನಮ್ಮದು ಹೆಂಗಾದೀತು?” ಅಂದಳು.

ಹಿಂದ್ ಉಳಿಯಿತು, ಇದ್ದ ಹಾಗೇ. ಅಟ್ಲಾಸ್ ಬಗ್ಗೆ ಮಾತ್ರ ಸ್ವಲ್ಪ ಹಿಂದೆಮುಂದೆ ನೋಡಿದೆ, ಏಕೆಂದರೆ ಇಪ್ಪತ್ತನೇ ಶತಮಾನದ ಭಾರತದ ಸೈಕಲ್ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ತೋರಿಸಬೇಕು. ಆದರೆ ಗಟ್ಟಿ ಕ್ಯಾರಿಯರಿನ ಡಬಲ್ ಬಾರ್ ಸೈಕಲ್ ಪಾರ್ಕಿಂಗಿನಲ್ಲಿ ನಿಂತಿರುವುದು ಸರಿಯಲ್ಲ. ನಮ್ಮ ಓಣಿಯ ಇಸ್ತ್ರಿಯವನಿಗೆ ಕೊಟ್ಟೆ. ಒಂದು ವಾರದಲ್ಲಿ ಅದಕ್ಕೆ ನೀಲಿ ಬಣ್ಣ ಹೊಡೆದು ಬಟ್ಟೆ ಗಂಟು ಕಟ್ಟಿಕೊಂಡು ಓಡಾಡುತ್ತಿದ್ದಾನೆ. ರಾಲೇ ಸಂಗ್ರಾಹಕ ಗೆಳೆಯರ ಮನೆ ಸೇರಿತು. 26 ಸುತ್ತಿನ ಕಪ್ಪುಗಳು ಅವರ ಡಬ್ಬಿಯಲ್ಲಿವೆ. ಸೆನ್-ರಾಲೇಯನ್ನು ಮೂವರು ಕೇಳಿದ್ದಾರೆ, ಒಯ್ಯಲು ಒಬ್ಬರೂ ಬಂದಿಲ್ಲ. ತಿಂಗಳ ಕೊನೆಯವರೆಗೆ ಹಳೇ ಮನೆಯ ಕೀಲಿ ನಮ್ಮ ಹತ್ತಿರ ಇರುವುದರಿಂದ ಸದ್ಯ ಹಿತ್ತಲಲ್ಲೇ ನಿಂತಿದೆ.

ಹಿಂದ್‌ನ ಹಿಂದಿನ ಟೈರು ಪಕ್ಕದಲ್ಲಿ ಬಿರಿದಿದೆ. 28 ಇಂಚಿಗೆ ಒಂದೂವರೆಯ ಟೈರು ಈಗಲೂ ಸಿಗುತ್ತದೆ, ಬುಧವಾರ ಸಂಜೆ ಹೋಗಿ ತರಬೇಕು. ಅದೂ ಲುಧಿಯಾನದ್ದೇ ಇರುತ್ತದೆ.